ಅಪ್ಪನ ತಲೆಯೊಳಗಿನ ಒಳಹರಿವು

ಮಳೆಗಾಲ ಬಂತಂದ್ರೆ ಆಲಮಟ್ಟಿ ಸುತ್ತಮುತ್ತ ಜನ ಮೂರು ಅಂಕಿಗಳ ಬಗ್ಗೆ ಮಾತಾಡ್ತಾರೆ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ನಮ್ಮ ಕೃಷ್ಣೆಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಪೂರ್ತಿ ತುಂಬಿದರೆ ಮಟ್ಟ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ ಅಡಿ. ಇದು ನಮ್ಮೂರ ಶಾಲೆ ಮಕ್ಕಳಿಗೂ ಬಾಯಿಪಾಠ. 26 ಗೇಟುಗಳಲ್ಲಿ ಇವತ್ತು ಎಷ್ಟು ತೆಗೆದರು ಅನ್ನೋದು ಚಹಾ ಅಂಗಡಿಯ ಸುದ್ದಿ.

ನನ್ನ ಅಪ್ಪ ಈ ಅಣೆಕಟ್ಟಿನಲ್ಲೇ ನೌಕರಿ ಮಾಡಿ ನಿವೃತ್ತರಾದವರು. ಈ ಮೂರು ಅಂಕಿಗಳಲ್ಲಿ ಅವರು ಮೊದಲು ನೋಡೋದು ಒಳಹರಿವನ್ನ. ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ, ಇಲ್ಲಿ ರಣರಣ ಬಿಸಿಲಿದ್ದರೂ ಒಳಹರಿವು ಏರುತ್ತೆ. ಮಟ್ಟ ಏರೋದು ಆಮೇಲೆ. "ಮಟ್ಟ ಅಂದ್ರ ನಿನ್ನಿ ಸುದ್ದಿ, ಒಳಹರಿವು ಅಂದ್ರ ನಾಳಿನ ಸುದ್ದಿ" ಅನ್ನೋದು ಅವರ ಲೆಕ್ಕ.

ಮೆದುಳಿನ ಗಡ್ಡೆಗೂ ಇದೇ ಲೆಕ್ಕ ಹಾಕ್ತಾರೆ ಅಂತ ನಮಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಅಪ್ಪನಿಂದಲೇ.

ದೀಪಾವಳಿ ಮುಗಿದ ವಾರ ಅದು. ಊಟಕ್ಕೆ ಕೂತಿದ್ದಾಗ ಅಪ್ಪನ ಬಲಗೈ ತನ್ನಷ್ಟಕ್ಕೆ ತಾನೇ ಜಿಗಿಯೋಕೆ ಶುರುವಾಯ್ತು. ಕೈಯಲ್ಲಿದ್ದ ರೊಟ್ಟಿ ತುಂಡು ಕೆಳಗೆ ಬಿತ್ತು. ಎರಡು ನಿಮಿಷಕ್ಕೆ ಕೈ ನಿಂತಿತು, ಆದ್ರೆ ಇನ್ನೊಂದು ಹತ್ತು ನಿಮಿಷ ಮಾತು ಹೊರಡಲಿಲ್ಲ. ಅವ್ವ ಗಾಬರಿಯಾಗಿ ಕೂಗಿದಾಗ ಓಡಿಬಂದ ಮಂದಿ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಿದರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಇವೆರಡರಿಂದಲೂ ಏನೂ ಉಪಯೋಗ ಇಲ್ಲ. ಫಿಟ್ಸ್ ಅಂದ್ರೆ ಮೈಯೆಲ್ಲ ಒದ್ದಾಡಬೇಕು, ಬಾಯಲ್ಲಿ ನೊರೆ ಬರಬೇಕು ಅಂತೇನಿಲ್ಲ. ಒಂದೇ ಕೈ ಜಿಗಿದರೂ ಅದು ಫಿಟ್ಸ್ ಇರಬಹುದು. ಅರವತ್ತರ ಮೇಲೆ ಮೊದಲ ಸಲ ಹೀಗಾದರೆ ಮೆದುಳಿನ ಸ್ಕ್ಯಾನ್ ಮಾಡಿಸಲೇಬೇಕು.

ಹತ್ತಿರದ ಊರಲ್ಲಿ ಎಂಆರ್‌ಐ ಆಯ್ತು. ಎಡಭಾಗದ ಮುಂಮೆದುಳಿನಲ್ಲಿ ನಾಲ್ಕು ಸೆಂಟಿಮೀಟರ್ ಗಡ್ಡೆ. ಡೈ ಕೊಟ್ಟು ತೆಗೆದ ಚಿತ್ರದಲ್ಲಿ ಅದು ಹೊಳೆದಿಲ್ಲ. ಹಾಗಾಗಿ ಕಡಿಮೆ ಗ್ರೇಡಿನ ಗ್ಲಿಯೋಮಾ ಇರಬಹುದು, ಫಿಟ್ಸ್ ಮಾತ್ರೆ ತಗೊಳ್ಳಿ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಅಂದರು.

ಮನೆಯಲ್ಲಿ ಎಲ್ಲರಿಗೂ ಉಸಿರು ಬಂದ ಹಾಗಾಯ್ತು. ಮಾಘ ಮಾಸದಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಕಾಕಾ ಅಂದರು, "ಡೈ ಹಿಡದಿಲ್ಲ ಅಂದ್ರ ಸಾಧಾರಣ ಗಂಟು ಇರಬೇಕು. ಮದುವಿ ಮುಗೀಲಿ, ಆಮ್ಯಾಲ ನೋಡೂಣು. ಅಣ್ಣಗ ಏನೂ ಹೇಳಬ್ಯಾಡ್ರಿ." ಅವ್ವನೂ ಒಪ್ಪಿದಳು. ಅಪ್ಪನಿಗೆ ಹೇಳಿದ್ದು ಇಷ್ಟೇ: ನರಕ್ಕೆ ಸ್ವಲ್ಪ ಬಾವು ಬಂದಿದೆ.

ಸ್ಕ್ಯಾನಿನ ಸಿಡಿ ನನ್ನ ಹತ್ತಿರ ಬಂತು. ನಾನು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೀನಿ. ಒಂದು ದಿನ ರಜೆ ಹಾಕಿ ಅದನ್ನ ಹಿಡಿದು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದೆ. ನಮ್ಮಲ್ಲಿ ತುಂಬಾ ಜನ ನಿಮ್ಹಾನ್ಸ್ ಅಂದ್ರೆ ಬರೀ ಮಾನಸಿಕ ಆಸ್ಪತ್ರೆ ಅಂದ್ಕೊಂಡಿದ್ದಾರೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಒಂದು ರಾಷ್ಟ್ರೀಯ ತರಬೇತಿ ಸಂಸ್ಥೆ ಒಂದಾಗಿ ಅದು ಹುಟ್ಟಿದ್ದು 1974ರಲ್ಲಿ. ಮೊದಲ ನಿರ್ದೇಶಕರಾಗಿದ್ದ ಡಾ. ಆರ್. ಮಾರ್ತಾಂಡ ವರ್ಮ ಸ್ವತಃ ಮೆದುಳಿನ ಶಸ್ತ್ರಚಿಕಿತ್ಸಕರು. ನರ, ಮೆದುಳು, ಬೆನ್ನುಹುರಿ ಕಾಯಿಲೆಗಳಿಗೆ ಉತ್ತರ ಕರ್ನಾಟಕದಿಂದಲೂ ದಿನಾ ಜನ ಬರ್ತಾರೆ. ಸಾಲಿನಲ್ಲಿ ನಿಂತರೆ "ಯಾವೂರ್ರೀ ನಿಮ್ದು?" ಅಂತ ಕೇಳೋರು ಸಿಕ್ಕೇ ಸಿಗ್ತಾರೆ.

ಡಾಕ್ಟರ್ ಚಿತ್ರಗಳನ್ನ ಹಿಂದೆ ಮುಂದೆ ಸರಿಸಿ ನೋಡಿದರು. "ಹೊಳೆದಿಲ್ಲ ಅನ್ನೋದು ನಿಜ. ಆದ್ರೆ ಹೊಳೆಯದ ಗಡ್ಡೆಗಳಲ್ಲೂ ಹೆಚ್ಚಿನ ಗ್ರೇಡ್ ಇರಬಹುದು. ಇದರಲ್ಲಿ ರಕ್ತದ ಹರಿವು ನೋಡಿಲ್ಲ. ಅದನ್ನ ನೋಡದೆ ಆರು ತಿಂಗಳು ಕಾಯೋದು ಬೇಡ. ತಂದೇನ ಕರ್ಕೊಂಡು ಬನ್ನಿ" ಅಂದರು.

ಫೋನಿನಲ್ಲಿ ಕಾಕಾನಿಗೆ ಸಿಟ್ಟು. "ಬೆಂಗಳೂರಿಗೆ ಹೋದ್ರ ಆಪರೇಶನ್ ಮಾಡೇ ಕಳಸ್ತಾರ. ಲಗ್ನದ ಮನಿ ಐತಿ, ಖಬರ್ ಐತಿಲ್ಲ ನಿನಗ?" ಕೊನೆಗೆ ಅವ್ವ ಗಟ್ಟಿಯಾದಳು. ಬಾಗಲಕೋಟೆಯಲ್ಲಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಇಬ್ಬರೂ ಬಂದರು, ಜೊತೆಗೆ ಕಾಕಾನೂ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎಷ್ಟೋ ಮನೆಗಳು ಇದೇ ಜಾಗದಲ್ಲಿ ಗೊಂದಲಕ್ಕೆ ಬೀಳ್ತವೆ.

ಮಾಮೂಲಿ ಎಂಆರ್‌ಐನಲ್ಲಿ ಕೈಯ ನರಕ್ಕೆ ಗ್ಯಾಡೋಲಿನಿಯಂ ಅನ್ನೋ ಡೈ ಕೊಟ್ಟು, ಕೆಲವು ನಿಮಿಷ ಬಿಟ್ಟು ಚಿತ್ರ ತೆಗೀತಾರೆ. ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಕಂಡಕಂಡದ್ದನ್ನ ಹೊರಗೆ ಬಿಡೋದಿಲ್ಲ. ಗಡ್ಡೆ ಆ ಗೋಡೆಯನ್ನ ಹಾಳುಮಾಡಿದ್ದರೆ ಡೈ ಹೊರಗೆ ಸೋರಿ ಆ ಜಾಗ ಬೆಳ್ಳಗೆ ಹೊಳೆಯುತ್ತೆ. ಅಂದ್ರೆ ಹೊಳಪು ತೋರಿಸೋದು ಸೋರಿಕೆಯನ್ನ. ಅಣೆಕಟ್ಟಿನ ಭಾಷೆಯಲ್ಲಿ ಹೇಳೋದಾದ್ರೆ ಜಿನುಗು.

ಗಡ್ಡೆ ಬೆಳೆಯೋಕೆ ಬೇಕಾದ್ದು ಬೇರೆ. ಅದಕ್ಕೆ ರಕ್ತ ಬೇಕು. ಒಂದು ಹಂತ ದಾಟಿ ಬೆಳೀಬೇಕಾದ್ರೆ ಗಡ್ಡೆಗಳು ತಮಗೆ ಬೇಕಾದ ಹೊಸ ರಕ್ತನಾಳಗಳನ್ನ ತಾವೇ ಹುಟ್ಟಿಸಿಕೊಳ್ಳುತ್ತವೆ ಅಂತ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲಿ ವಾದ ಮಂಡಿಸಿದರು. ಗಡ್ಡೆ ಜೋರಾದಷ್ಟೂ ಹೊಸ ಕಾಲುವೆಗಳು ಜಾಸ್ತಿ. ಕಾಲುವೆ ಜಾಸ್ತಿ ಆಗಿರೋದು ಬೇರೆ, ಕಾಲುವೆ ಸೋರೋದು ಬೇರೆ. ಕೆಲವು ಗಡ್ಡೆಗಳಲ್ಲಿ ಕಾಲುವೆ ತುಂಬಾ ಇರುತ್ತವೆ, ಆದ್ರೆ ಸೋರೋದಿಲ್ಲ. ಅಂಥವು ಮಾಮೂಲಿ ಚಿತ್ರದಲ್ಲಿ ಸಾಧು ಥರ ಕಾಣ್ತವೆ.

ಕಾಲುವೆಗಳ ಲೆಕ್ಕ ಹಾಕೋ ಪರೀಕ್ಷೆಯೇ ಪರ್ಫ್ಯೂಷನ್ ಎಂಆರ್‌ಐ. ಮೊದಲು ಕಿಡ್ನಿ ಸರಿಯಿದೆಯಾ ಅಂತ ಕ್ರಿಯಾಟಿನಿನ್ ನೋಡ್ತಾರೆ. ಆಮೇಲೆ ಅದೇ ಡೈಯನ್ನ ಯಂತ್ರದಿಂದ ಕೆಲವೇ ಸೆಕೆಂಡುಗಳಲ್ಲಿ ಒಂದೇ ರಭಸಕ್ಕೆ ಬಿಡ್ತಾರೆ, ಗೇಟ್ ತೆಗೆದು ನೀರು ಬಿಟ್ಟ ಹಾಗೆ. ಆ ಡೈ ಮೆದುಳನ್ನ ಹಾದುಹೋಗುವಾಗ ಒಂದೊಂದೂವರೆ ಸೆಕೆಂಡಿಗೆ ಒಮ್ಮೆ ಇಡೀ ಮೆದುಳಿನ ಚಿತ್ರ ತೆಗೀತಾ ಹೋಗ್ತಾರೆ. ಡೈ ಬಂದ ಕಡೆ ಸಿಗ್ನಲ್ ಕುಸಿಯುತ್ತೆ, ಡೈ ಹೋದಮೇಲೆ ಮತ್ತೆ ಏರುತ್ತೆ. ಎಷ್ಟು ಕುಸಿಯಿತು, ಎಷ್ಟು ಹೊತ್ತು ಕುಸಿಯಿತು ಅನ್ನೋದರಿಂದ ಆ ಜಾಗದ ನಾಳಗಳಲ್ಲಿ ಎಷ್ಟು ರಕ್ತ ಇದೆ ಅಂತ ಲೆಕ್ಕ ಸಿಗುತ್ತೆ. ಈ ಭಾಗಕ್ಕೆ ಎರಡು ನಿಮಿಷ ಸಾಕು. ಅದೇ ಮೇಜು, ಅದೇ ಗಡಗಡ ಸದ್ದು. ಅಲುಗಾಡದೆ ಮಲಗೋದೊಂದೇ ರೋಗಿಯ ಕೆಲಸ.

ಮಾರನೇ ದಿನ ಡಾಕ್ಟರ್ ರೂಮಿನಲ್ಲಿ ನಾವು ನಾಲ್ಕು ಜನ. ಪರದೆಯ ಮೇಲೆ ಬಣ್ಣದ ನಕ್ಷೆ. ಬಹುಪಾಲು ನೀಲಿ, ಹಸಿರು. ಗಡ್ಡೆಯ ಹಿಂಭಾಗದ ಒಂದು ಮೂಲೆಯಲ್ಲಿ ಮಾತ್ರ ಕೆಂಪು. ಪಕ್ಕದಲ್ಲಿ ಎರಡು ಗೆರೆಗಳ ಗ್ರಾಫ್. ಡಾಕ್ಟರ್ ನನಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳೋಕೆ ಶುರುಮಾಡಿದರು. ಅಷ್ಟರಲ್ಲಿ ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಇದು ಹೈಡ್ರೋಗ್ರಾಫ್ ಅಲ್ರೀ ಸಾಹೇಬ್ರ?"

ಡಾಕ್ಟರ್ ಏನು ಅನ್ನೋ ಹಾಗೆ ನೋಡಿದರು.

"ಪ್ರವಾಹ ಬಂದಾಗ ನಾವೂ ಹಿಂಗ ಗೆರಿ ಹಾಕ್ತಿದ್ವಿ. ಟೈಮ್ ಅಡ್ಡಕ, ಹರಿವು ಉದ್ದಕ. ಗೆರಿ ಕೆಳಗಿನ ಜಾಗ ಎಲ್ಲಾ ಕೂಡಿಸಿದ್ರ ಒಟ್ಟ ಎಷ್ಟ ನೀರು ಬಂತು ಗೊತ್ತಾಗತೈತಿ."

"ಸರಿಯಾಗಿ ಹೇಳಿದ್ರಿ. ನಾವೂ ಅದನ್ನೇ ಕೂಡಿಸ್ತೀವಿ" ಅಂದರು ಡಾಕ್ಟರ್. "ಈ ಸಣ್ಣ ಗೆರೆ ನಿಮ್ಮ ಬಲಭಾಗದ ಆರೋಗ್ಯವಾಗಿರೋ ಜಾಗದ್ದು. ದೊಡ್ಡ ಗೆರೆ ಎಡಗಡೆಯ ಈ ಕೆಂಪು ಜಾಗದ್ದು."

ಅಪ್ಪ ಸ್ವಲ್ಪ ಹೊತ್ತು ನೋಡಿದರು. "ಅಂದ್ರ ಇಲ್ಲಿ ಮೂರು ಪಟ್ಟಿಗಿಂತ ಹೆಚ್ಚ ಐತಿ." ಆಮೇಲೆ ನನ್ನ ಕಡೆ ತಿರುಗಿದರು. "ಬಾವು ಅಂದ್ರಿ. ಬಾವಿಗೆ ಇಷ್ಟ್ಯಾಕ ಕಾಲುವಿ ಬೇಕ ಯವ್ವಾ? ಗಡ್ಡಿ ಐತಿ, ಹೌದಲ್ಲ?"

ಯಾರೂ ಮಾತಾಡಲಿಲ್ಲ. ಕಾಕಾ ಕಿಟಕಿ ಕಡೆ ನೋಡ್ತಾ ನಿಂತರು. ಡಾಕ್ಟರ್ "ಹೌದು" ಅಂದರು. ಅಪ್ಪ ಹೆದರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಅವರ ತುಟಿ ಒಣಗಿತ್ತು. ಆದ್ರೆ ಅಲ್ಲಿಂದ ಮುಂದೆ ಪ್ರಶ್ನೆ ಕೇಳಿದ್ದೆಲ್ಲ ಅವರೇ. ನಾವು ಬರೀ ಕೂತು ಕೇಳಿದ್ವಿ.

ಅವರ ಮೊದಲ ಪ್ರಶ್ನೆ: "ಕೆಂಪ ಐತಿ ಅಂದ್ರ ಕ್ಯಾನ್ಸರ್ ಪಕ್ಕಾ ಏನ್ರಿ?"

ಈ ಪ್ರಶ್ನೆಗೆ ಡಾಕ್ಟರ್ ಕೊಟ್ಟ ಉತ್ತರ ನನಗೆ ಇವತ್ತಿಗೂ ಮುಖ್ಯ ಅನ್ಸುತ್ತೆ. ಕೆಂಪು ಬಣ್ಣ ತೀರ್ಪು ಕೊಡೋದಿಲ್ಲ, ಎಲ್ಲಿ ನೋಡಬೇಕು, ಎಷ್ಟು ಬೇಗ ನೋಡಬೇಕು ಅಂತ ಹೇಳುತ್ತೆ ಅಷ್ಟೇ ಅಂದರು. ಅದರ ಹಿಂದಿನ ಅಂಕಿಗಳನ್ನ ಆಮೇಲೆ ನಾನು ಓದಿಕೊಂಡೆ. 2003ರಲ್ಲಿ ನ್ಯೂಯಾರ್ಕಿನ ವೈದ್ಯರು ಗ್ಲಿಯೋಮಾ ಇದ್ದ 160 ಜನರ ಮೇಲೆ ಮಾಡಿದ ಅಧ್ಯಯನ ಒಂದು ಪ್ರಕಟವಾಯ್ತು. ಗಡ್ಡೆಯಲ್ಲಿನ ರಕ್ತದ ಪ್ರಮಾಣ, ಆರೋಗ್ಯವಾಗಿರೋ ಜಾಗದ 1.75 ಪಟ್ಟು ದಾಟಿದರೆ ಹೆಚ್ಚಿನ ಗ್ರೇಡ್ ಅಂತ ಗೆರೆ ಎಳೆದರು. ನಿಜವಾಗಿ ಹೆಚ್ಚಿನ ಗ್ರೇಡ್ ಇದ್ದ 120 ಜನರಲ್ಲಿ 114 ಜನ ಈ ಲೆಕ್ಕಕ್ಕೆ ಸಿಕ್ಕರು. ಮಾಮೂಲಿ ಎಂಆರ್‌ಐ ಒಂದರಿಂದಲೇ ಸಿಕ್ಕವರು 87. ಆದ್ರೆ ಕಡಿಮೆ ಗ್ರೇಡ್ ಇದ್ದ 40 ಜನರಲ್ಲಿ 17 ಜನರನ್ನೂ ಈ ಗೆರೆ ಹೆಚ್ಚಿನ ಗ್ರೇಡ್ ಅಂತಲೇ ತೋರಿಸಿತ್ತು. ಅಂದ್ರೆ ಅಪಾಯ ಇದ್ದವರನ್ನ ಬಿಟ್ಟುಬಿಡೋದು ಕಡಿಮೆ, ಇಲ್ಲದವರನ್ನ ಹೆದರಿಸೋದು ಜಾಸ್ತಿ. ಆ 1.75 ಕೂಡ ಎಲ್ಲ ಕಡೆಗೂ ಒಂದೇ ಅಲ್ಲ. ಯಂತ್ರ, ಸಾಫ್ಟ್‌ವೇರ್ ಬದಲಾದ್ರೆ ಗೆರೆಯೂ ಸರಿಯುತ್ತೆ.

ಹೆದರಿಸೋದಕ್ಕೆ ಒಂದು ಕಾರಣ ಆಲಿಗೊಡೆಂಡ್ರೊಗ್ಲಿಯೋಮಾ ಅನ್ನೋ ಗಡ್ಡೆ. ಇದರಲ್ಲಿ ಹುಟ್ಟಿನಿಂದಲೇ ಸಣ್ಣ ಸಣ್ಣ ರಕ್ತನಾಳಗಳ ಜಾಲ. ಮೈಕ್ರೋಸ್ಕೋಪಿನಲ್ಲಿ ಕೋಳಿಗೂಡಿನ ತಂತಿ ಜಾಲರಿ ಥರ ಕಾಣುತ್ತಂತೆ. ಗ್ರೇಡ್ ಕಡಿಮೆ ಇದ್ದರೂ ನಕ್ಷೆಯಲ್ಲಿ ಕೆಂಪಾಗಿ ಕಾಣಬಹುದು.

ಹಾಗಾದ್ರೆ ನಿಜವಾದ ಗ್ರೇಡ್ ಹೇಳೋದು ಯಾರು? ಗಡ್ಡೆಯ ತುಂಡು. ಇಲ್ಲೇ ಆ ನಕ್ಷೆಯ ದೊಡ್ಡ ಉಪಯೋಗ ಇರೋದು. ಒಂದೇ ಹೊಲದಲ್ಲಿ ಒಂದು ಮೂಲೆ ಜವಳು, ಒಂದು ಮೂಲೆ ಎರೆ ಇರೋ ಹಾಗೆ ಗಡ್ಡೆಯೂ ಎಲ್ಲ ಕಡೆ ಒಂದೇ ಥರ ಇರೋದಿಲ್ಲ. ಸೂಜಿ ಸಪ್ಪೆ ಜಾಗಕ್ಕೆ ಬಿದ್ದರೆ ರಿಪೋರ್ಟೂ ಸಪ್ಪೆಯಾಗೇ ಬರುತ್ತೆ, ಚಿಕಿತ್ಸೆಯೂ ಹಾಗೇ ಆಗುತ್ತೆ. ನಮ್ಮ ಡಾಕ್ಟರ್ ಆ ಬಣ್ಣದ ನಕ್ಷೆಯನ್ನೇ ಆಪರೇಷನ್ ಥಿಯೇಟರಿನ ನ್ಯಾವಿಗೇಷನ್ ಯಂತ್ರಕ್ಕೆ ಹಾಕಿಸಿದರು. ಫೋನಿನ ಮ್ಯಾಪ್ ದಾರಿ ತೋರಿಸೋ ಹಾಗೆ ಅದು ಸರ್ಜನ್‌ಗೆ ಕೆಂಪು ಮೂಲೆ ಎಲ್ಲಿದೆ ಅಂತ ತೋರಿಸುತ್ತೆ.

ಗಡ್ಡೆ ಮಾತಿನ ಜಾಗಕ್ಕೆ ಹತ್ತಿರ ಇದ್ದದ್ದರಿಂದ ಅಪ್ಪ ಎಚ್ಚರ ಇರುವಾಗಲೇ ಆಪರೇಷನ್ ಮಾಡಿದರು. ಹಿಂದಿನ ದಿನ ಚಿತ್ರಗಳನ್ನ ತೋರಿಸಿ ಅವರು ಏನೇನಕ್ಕೆ ಏನೇನು ಅಂತಾರೆ ಅಂತ ಬರೆದುಕೊಂಡರು. ಕಡಲೆಕಾಯಿಗೆ ಅಪ್ಪ ಶೇಂಗಾ ಅಂದರು, ಈರುಳ್ಳಿಗೆ ಉಳ್ಳಾಗಡ್ಡಿ ಅಂದರು. ನಾಳೆ ಅದನ್ನೇ ಹೇಳಬೇಕು, ಹೇಳೋಕೆ ಆಗದಿದ್ದರೆ ಸರ್ಜನ್ ಕೈ ಅಲ್ಲೇ ನಿಲ್ಲುತ್ತೆ ಅಂತ ವಿವರಿಸಿದರು. ಕಾಕಾ ಆ ರಾತ್ರಿಯೆಲ್ಲ ಆಸ್ಪತ್ರೆಯ ಹೊರಗೆ ಕೂತಿದ್ದರು. ಮದುವೆ ಮುಂದಕ್ಕೆ ಹಾಕೋ ಮಾತನ್ನ ಬೀಗರಿಗೆ ಫೋನ್ ಮಾಡಿ ಹೇಳಿದ್ದೂ ಅವರೇ.

ಗಡ್ಡೆಯ ಬಹುಪಾಲು ಹೊರಗೆ ಬಂತು. ಕೆಂಪು ಮೂಲೆಯ ತುಂಡನ್ನ ಬೇರೆ ಡಬ್ಬಿಯಲ್ಲಿ, ಉಳಿದ ಜಾಗದ್ದನ್ನ ಬೇರೆ ಡಬ್ಬಿಯಲ್ಲಿ ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ಉಳಿದ ಜಾಗದ್ದು ಗ್ರೇಡ್ 2 ಥರ ಇತ್ತು. ಕೆಂಪು ಮೂಲೆಯದ್ದು ಗ್ರೇಡ್ 3. ಇಡೀ ಗಡ್ಡೆಗೆ ದೊಡ್ಡ ಗ್ರೇಡೇ ಲೆಕ್ಕ. ಆರು ತಿಂಗಳು ಕಾಯಬಹುದು ಅಂದ್ಕೊಂಡಿದ್ದ ಗಡ್ಡೆ ಕಾಯೋ ಅಂಥದ್ದಾಗಿರಲಿಲ್ಲ.

ಅವ್ವ ಅವತ್ತು ತುಂಬಾ ಅತ್ತಳು. ಆದ್ರೆ ವರದಿಯಲ್ಲಿ ಇನ್ನೊಂದು ಸಾಲು ಬಾಕಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ಗ್ಲಿಯೋಮಾಗೆ ಹೆಸರಿಡೋಕೆ ಮೈಕ್ರೋಸ್ಕೋಪ್ ಒಂದೇ ಸಾಲದು, ಜೀನ್ ಪರೀಕ್ಷೆಯೂ ಬೇಕು. ಅಪ್ಪನ ಗಡ್ಡೆಯಲ್ಲಿ ಐಡಿಎಚ್ ಜೀನ್ ಬದಲಾಗಿತ್ತು, 1ಪಿ ಮತ್ತು 19ಕ್ಯೂ ಅನ್ನೋ ಕ್ರೋಮೋಸೋಮಿನ ತುಂಡುಗಳು ಎರಡೂ ಕಾಣೆಯಾಗಿದ್ದವು. ಅಂದ್ರೆ ಅದು ಆಲಿಗೊಡೆಂಡ್ರೊಗ್ಲಿಯೋಮಾ. ವಿಕಿರಣ ಮತ್ತು ಕೀಮೋ ಎರಡಕ್ಕೂ ಚೆನ್ನಾಗಿ ಬಗ್ಗೋ ಜಾತಿ. ಅಮೆರಿಕದಲ್ಲಿ, ಯುರೋಪಿನಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಎರಡನ್ನೂ ತಗೊಂಡ ಇಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹತ್ತು ವರ್ಷ ದಾಟಿದ್ದಾರೆ. ಅದೇ ಕೆಂಪು ಮೂಲೆಯ ಹಿಂದೆ ಗ್ಲಿಯೋಬ್ಲಾಸ್ಟೋಮಾ ಅನ್ನೋ ಗ್ರೇಡ್ 4 ಗಡ್ಡೆಯೂ ಇರಬಹುದಿತ್ತು. ಅದಾಗಿದ್ದರೆ ಮಾತೇ ಬೇರೆ. ಎರಡರ ನಡುವಿನ ವ್ಯತ್ಯಾಸವನ್ನ ಖಚಿತವಾಗಿ ಹೇಳಿದ್ದು ಜೀನ್ ಪರೀಕ್ಷೆ. ಆ ಪರೀಕ್ಷೆಗೆ ಸರಿಯಾದ ತುಂಡು ಸಿಗೋ ಹಾಗೆ ಮಾಡಿದ್ದು ಹರಿವಿನ ನಕ್ಷೆ.

ಆರೂವರೆ ವಾರ, ವಾರಕ್ಕೆ ಐದು ದಿನ ವಿಕಿರಣ. ಆಮೇಲೆ ಕೀಮೋ. ಮಾಘದ ಮದುವೆ ವೈಶಾಖಕ್ಕೆ ಹೋಯ್ತು. ಅಪ್ಪ ತಲೆಗೆ ರುಮಾಲು ಸುತ್ತಿಕೊಂಡು ಧಾರೆ ಎರೆದರು. ನೋಡಿದವರು ಗತ್ತು ಅಂದ್ಕೊಂಡರು. ಹೊಲಿಗೆಯ ಗುರುತು ಯಾರಿಗೂ ಕಾಣಲಿಲ್ಲ.

ಕಥೆ ಅಲ್ಲಿಗೆ ಮುಗೀಲಿಲ್ಲ. ಮುಂದಿನ ವರ್ಷದ ಸ್ಕ್ಯಾನಿನಲ್ಲಿ ಆಪರೇಷನ್ ಆದ ಜಾಗದ ಪಕ್ಕ ಹೊಸ ಹೊಳಪು ಕಾಣಿಸಿತು. ಗಡ್ಡೆ ಮತ್ತೆ ಬಂತು ಅಂತ ನಮ್ಮ ಜೀವ ಬಾಯಿಗೆ ಬಂತು. ವಿಕಿರಣದಿಂದ ಸುಟ್ಟ ರಕ್ತನಾಳಗಳೂ ಸೋರುತ್ತವೆ, ಹಾಗಾಗಿ ಅವೂ ಡೈ ಹಿಡಿದು ಹೊಳೆಯುತ್ತವೆ. ಮಾಮೂಲಿ ಚಿತ್ರದಲ್ಲಿ ಎರಡೂ ಒಂದೇ ಥರ. ಮತ್ತೆ ಹರಿವು ನೋಡಿದರು. ಈ ಸಲ ಆ ಜಾಗ ನೀಲಿ. ಸೋರಿಕೆ ಇತ್ತು, ಹೊಸ ಕಾಲುವೆ ಇರಲಿಲ್ಲ. ವಿಕಿರಣದ ಪರಿಣಾಮವೇ ಇರಬೇಕು, ಮೂರು ತಿಂಗಳು ಕಾದು ನೋಡೋಣ ಅಂದರು. ಮೂರು ತಿಂಗಳಿಗೆ ಹೊಳಪು ಅರ್ಧಕ್ಕೆ ಇಳಿದಿತ್ತು. ಮೊದಲ ಸಲ ಕಾಯಬೇಡಿ ಅಂದಿದ್ದ ಪರೀಕ್ಷೆ ಎರಡನೇ ಸಲ ಕಾಯೋಕೆ ಧೈರ್ಯ ಕೊಟ್ಟಿತು.

ಇದನ್ನ ಓದುತ್ತಿರೋ ನಿಮ್ಮಲ್ಲಿ ಬಹಳಷ್ಟು ಜನ ನನ್ನ ಹಾಗೆ ಊರು ಬಿಟ್ಟು ಬಂದವರು. ಊರಿಂದ ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೋ ಬರುತ್ತೆ, ನಾವು ಇಲ್ಲಿ ಕೂತು ಅರ್ಥ ಮಾಡ್ಕೊಬೇಕು. ಅಂಥ ಹೊತ್ತಿಗೆ ನಾಲ್ಕು ಮಾತು ನೆನಪಿರಲಿ. ರಿಪೋರ್ಟಿನ ಹಾಳೆ ಸಾಲದು, ಚಿತ್ರಗಳಿರೋ ಸಿಡಿಯನ್ನೇ ತರಿಸಿಕೊಳ್ಳಿ. ಗ್ಲಿಯೋಮಾ ಅನ್ನೋ ಅನುಮಾನ ಇದ್ದರೆ "ಪರ್ಫ್ಯೂಷನ್ ಮಾಡಿದ್ದೀರಾ, ಏನು ಬಂತು?" ಅಂತ ಕೇಳಿ. ಕಿಡ್ನಿ ತೊಂದರೆ ಇರೋರಿಗೆ, ಚಿಕ್ಕ ಮಕ್ಕಳಿಗೆ ಡೈ ಬೇಡ ಅನ್ನಿಸಿದರೆ ಎಎಸ್‌ಎಲ್ ಅನ್ನೋ ವಿಧಾನ ಇದೆ. ಅದರಲ್ಲಿ ಕತ್ತಿನ ಹತ್ತಿರ ರಕ್ತದ ನೀರಿನಂಶಕ್ಕೇ ಕಾಂತದಿಂದ ಗುರುತು ಹಾಕಿ ಹರಿವು ಅಳೀತಾರೆ, ಸೂಜಿ ಬೇಕಿಲ್ಲ. ಕೊನೆಯದು, ತುಂಡು ಪರೀಕ್ಷೆಗೆ ಹೋಗುವಾಗ ಅದನ್ನ ಯಾವ ಜಾಗದಿಂದ ತೆಗೆದರು, ಜೀನ್ ಪರೀಕ್ಷೆ ಆಗುತ್ತಾ ಅಂತ ವಿಚಾರಿಸಿ.

ರೋಗಿಗೆ ಏನು ಹೇಳಬೇಕು, ಏನು ಮುಚ್ಚಿಡಬೇಕು ಅನ್ನೋದು ಒಂದೊಂದು ಮನೆಯಲ್ಲಿ ಒಂದೊಂದು ಥರ. ನಮ್ಮ ಮನೆಯ ಅನುಭವ ಹೇಳ್ತೀನಿ. ಬಾವು ಅಂತ ನಂಬಿದ್ದ ಅಪ್ಪ ಆ ಕಾರಿಡಾರಿನಲ್ಲಿ ಎರಡು ದಿನ ಸುಮ್ಮನೆ ನಮ್ಮ ಹಿಂದೆ ನಡೆದರು. ಗ್ರಾಫ್ ನೋಡಿದ ಮೇಲೆ ನಮಗಿಂತ ಮುಂದೆ ನಡೆದರು. ಸ್ಕ್ಯಾನ್ ಇರೋ ತಿಂಗಳು ಅವರಿಗೆ ಇವತ್ತಿಗೂ ನಿದ್ದೆ ಬರೋದಿಲ್ಲ. ಕೆಲವು ಶಬ್ದಗಳು ತಡವಾಗಿ ಬರ್ತವೆ. ಹಾಗೆ ತಡವಾದಾಗ ಅವ್ವ ನಡುವೆ ಬಾಯಿ ಹಾಕೋದಿಲ್ಲ, ಅಪ್ಪನೇ ಹುಡುಕಿ ಹೇಳೋವರೆಗೂ ಕಾಯ್ತಾಳೆ.